ವಾಲ್ತರ್ ಡಿಕಾಕರ್ ಬಿಗಿ: ಸ್ಪ್ರಿಂಗ್ ಮುಟ್ಟದೆ ಬಿಡಿಸಿದ್ದು

ಹುಬ್ಬಳ್ಳಿ-ಗದಗ ಕಡೆ ಪಾಯಿಂಟ್ 32ರ ಹಳೇ ವಾಲ್ತರ್ ಪಿಪಿ ಪಿಸ್ತೂಲು ಇಟ್ಟುಕೊಂಡವರ ದೂರು ಒಂದೇ, ಅದೂ ಡಿಕಾಕರ್ (ಎಳೆದ ಹ್ಯಾಮರನ್ನು ಗುಂಡು ಹಾರದಂತೆ ಇಳಿಸುವ ಲಿವರ್) ಬಗ್ಗೆ: ‘ಡಿಕಾಕರ್ ಭಾಳ ಬಿಗಿ ಆಗೇತ್ರಿ, ಹೆಬ್ಬಟ್ಟಿಗೆ ಬಗ್ಗವಲ್ದು.’ ಸ್ಪ್ರಿಂಗ್ ಹೋಗಿದೆ ಅಂತ ಎಲ್ಲರ ತೀರ್ಮಾನ. ಸ್ಪ್ರಿಂಗ್ ಸಿಕ್ಕರೂ ಕೈಗೆ ಬರುವಷ್ಟರಲ್ಲಿ ಮೂರ್ನಾಲ್ಕು ಸಾವಿರ. ನನಗೆ ಖರ್ಚಾಗಿದ್ದು ನೂರೈವತ್ತರೊಳಗೆ. ‘ಆಗಾಂಗಿಲ್ಲ’ ಅಂದವರೇ ಈಗ ತಮ್ಮದನ್ನು ತಂದುಕೊಡುತ್ತಾರೆ.

ಕಾರಣ ಎಣ್ಣೆ. 2023, 2024ರ ಚುನಾವಣೆಗಳ ಹೊತ್ತಿಗೆ ನಿಯಮದಂತೆ ಠಾಣೆಯಲ್ಲಿ ಠೇವಣಿ ಇಟ್ಟ ಪಿಸ್ತೂಲುಗಳು ವಾರಗಟ್ಟಲೆ ಮಲಗಿದವು. ಇಡುವ ಮುಂಚೆ ಕೊಬ್ಬರಿ ಎಣ್ಣೆಯೋ ಗ್ರೀಸೋ ಮೆತ್ತಿದ್ದು, ಎರೆಮಣ್ಣಿನ ಧೂಳು ಕುಡಿದು ಲಿವರಿನ ಡ್ರಮ್ಮಿನ (ಲಿವರಿನ ಜೊತೆ ಒಳಗೆ ತಿರುಗುವ ದುಂಡು ತುಂಡು) ಸುತ್ತ ಅಂಟಾಗಿತ್ತು.

ವಾಲ್ತರ್ ಲಿವರ್ ಇಳಿಯುವಾಗ ಮೊದಲು ಫೈರಿಂಗ್ ಪಿನ್ನಿಗೆ (ಕಾಡತೂಸಿಗೆ ಬಡಿಯುವ ಕಡ್ಡಿ) ಅಡ್ಡ ಬೀಳುತ್ತದೆ, ಕೊನೆಗೆ ಹ್ಯಾಮರ್ ಬಿಡುತ್ತದೆ. ಶುರುವಿನಲ್ಲೇ ತಡೆದರೆ ಕೊಳೆ. ಕೊನೆಯ ಚೂರು ಮಾತ್ರ ಭಾರವಿದ್ದರೆ ಅದರ ಜಾತಿಯೇ ಹಾಗೆ, ಬಿಟ್ಟುಬಿಡಿ. ಸಿಗ್ ಪಿ226 ಅನ್ನುವ ಬೇರೆ ಪಿಸ್ತೂಲಿನದ್ದು ಫ್ರೇಮಿನ (ಕೆಳಮೈಯ) ಲಿವರ್, ಒತ್ತಿ ಬಿಟ್ಟರೆ ತಾನೇ ಮೇಲೆ ಬರುತ್ತದೆ. ಆ ಹಗುರ ಇಲ್ಲಿ ಹುಡುಕಬಾರದು.

ಮ್ಯಾಗಜಿನ್ ಹೊರಗೆ, ಚೇಂಬರ್ ಖಾಲಿಯೇ ಅಂತ ಬೆರಳಿಟ್ಟು ನೋಡಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಬಿಚ್ಚಿ. ಡ್ರಮ್ಮಿನ ಎರಡೂ ಬದಿಗೆ ಸೀಮೆಎಣ್ಣೆ ಹನಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಲಿವರನ್ನು ಮೂವತ್ತು-ನಲವತ್ತು ಸಲ ಆಡಿಸಿದರೆ ಬೆಲ್ಲದ ಪಾಕದಂಥ ಕಂದು ರಸ ಒಸರುತ್ತದೆ. ಒರೆಸಿ, ತಿಳಿ ಬರುವ ತನಕ ಮತ್ತೆ ಹಾಕಿ. ಪೆಟ್ರೋಲ್ ಅಂಟು ಕರಗುವ ಮೊದಲೇ ಆರುತ್ತದೆ. ಥಿನ್ನರ್ ಕೆಲಸವನ್ನೇನೋ ಮಾಡುತ್ತದೆ, ಜೊತೆಗೆ ಲಿವರಿನಡಿಯ ಕೆಂಪು ಚುಕ್ಕೆಯ ಬಣ್ಣವನ್ನೂ ತಿನ್ನುತ್ತದೆ. ಕೊನೆಗೆ ಹೊಲಿಗೆ ಮಷೀನಿನ ಎಣ್ಣೆ, ಸೂಜಿ ತುದಿಯಷ್ಟು. ಹೆಚ್ಚಾದರೆ ಪಿನ್ನಿನ ದಾರಿಯಲ್ಲಿ ಇಳಿದು ಕಾಡತೂಸಿನ ಕ್ಯಾಪಿಗೆ ತಾಗುತ್ತದೆ. ಆ ಹನಿ ಒಳಕ್ಕೆ ಸರಿಯಾಗಿ ಎಳೆಯುವಂತೆ ಮಾಡುವ ಉಪಾಯವೊಂದಿದೆ, ಅದು ನನ್ನ ಅಂಗಡಿಯಲ್ಲೇ ಇರಲಿ.

ಜೋಡಿಸಿದ ಮೇಲೆ ಪೆನ್ಸಿಲ್ ಪರೀಕ್ಷೆ. ಈ ಬೋರಿಗೆ ಮಾಮೂಲಿ ಪೆನ್ಸಿಲ್ ಸಿಕ್ಕಿಕೊಂಡರೆ ಮೈ ಹೆರೆದು ಸಣ್ಣ ಮಾಡಿ. ಖಾಲಿ ಪಿಸ್ತೂಲಿನ ಮೂತಿ ಮೇಲೆ ಮಾಡಿ ಪೆನ್ಸಿಲ್ ಬಿಟ್ಟು, ಹ್ಯಾಮರ್ ಎಳೆದು ಡಿಕಾಕ್ ಮಾಡಿ. ಪೆನ್ಸಿಲ್ ಅಲುಗಬಾರದು. ಜಿಗಿದರೆ ಡ್ರಮ್ಮೋ ಪಿನ್ನೋ ಸವೆದಿದೆ; ಅದಕ್ಕೆ ಗುಂಡು ತುಂಬಬೇಡಿ, ಅರವನ್ನೂ ಹಚ್ಚಬೇಡಿ.

ಲಿವರ್ ಸಲೀಸಾದ ಮೇಲೆ ಹೊಸ ತಾಪತ್ರಯವೊಂದಿದೆ. ಹೋಲ್ಸ್ಟರಿನ ಪಟ್ಟಿ ತಿಕ್ಕಿ ಅದನ್ನು ಮೇಲೆ, ಅಂದರೆ ಫೈರ್ ಕಡೆಗೆ ತಳ್ಳಬಹುದು. ಖಾಲಿ ಪಿಸ್ತೂಲು ಸೊಂಟಕ್ಕೆ ಕಟ್ಟಿ ಒಂದು ದಿನ ಓಡಾಡಿ, ಬಿಚ್ಚುವಾಗ ಕೆಂಪು ಚುಕ್ಕೆ (ಫೈರ್ ಗುರುತು) ಕಂಡರೆ ಪಟ್ಟಿಯ ಗುಂಡಿಯನ್ನು ಅರ್ಧ ಇಂಚು ಸರಿಸಿ ಹೊಲಿಸಿ.