ಬಿಸಿಲೂರಿನಲ್ಲಿ ಕೊಂಬಿನ ಕಪ್ಪೆಗೊಂದು ಮನೆ: ನನ್ನ ಅನುಭವ

ಕೊಂಬಿನ ಕಪ್ಪೆ, ಅಂದರೆ ಪ್ಯಾಕ್‌ಮ್ಯಾನ್ ಕಪ್ಪೆ ಸಾಕುವುದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆಯೆಲ್ಲ ಚಳಿ ದೇಶದವರದ್ದು. ಎಲ್ಲರೂ ಮೊದಲು ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾವು ಕೊಡುವ ಹಾಳೆ, ತನ್ನಿ ಅಂತಾರೆ. ವಿಜಯಪುರದ ಏಪ್ರಿಲ್ ಮಧ್ಯಾಹ್ನ ಅವರು ನೋಡಿಲ್ಲ, ಪಾಪ. ಇಲ್ಲಿ ಪಾರಾ 40 ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಈ ಕಪ್ಪೆಗೆ ಬೇಕಾದದ್ದು 24ರಿಂದ 28 ಡಿಗ್ರಿ, ಜೊತೆಗೆ ಸದಾ ಹಸಿ ನೆಲ. ಹಾಗಾಗಿ ನಾನು ಪೂರ್ತಿ ಉಲ್ಟಾ ಲೆಕ್ಕ ಹಾಕಿ, ಮೊದಲು ತಂಪಿನ ವ್ಯವಸ್ಥೆ ಮಾಡಿಕೊಂಡು, ಆಮೇಲೆ ಕಪ್ಪೆ ತಂದೆ.

ನನ್ನದು ಕ್ರಾನ್‌ವೆಲ್ ಜಾತಿ. ಮೂಲ ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾ ಕಡೆಯ ಗ್ರಾನ್ ಚಾಕೊ ಬಯಲು. ಅಲ್ಲೂ ಬಿಸಿಲು ಜೋರು, ತಿಂಗಳುಗಟ್ಟಲೆ ಮಳೆ ಇರುವುದಿಲ್ಲ. ಆಗ ಇದು ನೆಲದೊಳಗೆ ಇಳಿದು, ಹಳೆ ಚರ್ಮವನ್ನೇ ಮೈಮೇಲೆ ಗಟ್ಟಿ ಹೊದಿಕೆ ಮಾಡಿಕೊಂಡು ಮಳೆ ಬರುವ ತನಕ ಮಲಗಿಬಿಡುತ್ತದೆ. ಅಂದರೆ ಬಿಸಿಲಿಗೆ ಅದರ ಉಪಾಯ ಒಂದೇ, ಕೆಳಗೆ ಹೋಗುವುದು. ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ಕೆಳಗೆ ಹೋದೀತು, ನೀವೇ ಹೇಳಿ?

ಪೆಟ್ಟಿಗೆ ದೊಡ್ಡ ಸಂಗತಿ ಅಲ್ಲ. ಗ್ಲಾಸ್ ಅಂಗಡಿಯಲ್ಲಿ ಕೊಯ್ಸಿ ಸಿಲಿಕಾನ್ ಹಚ್ಚಿಸಿದ 18 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ಟ್ಯಾಂಕ್ ಸಾಕು. ಎತ್ತರ ಜಾಸ್ತಿ ಬೇಡ, ಇದು ಹತ್ತುವ ಕಪ್ಪೆಯಲ್ಲ. ಸಿಲಿಕಾನ್ ವಾಸನೆ ಪೂರ್ತಿ ಹೋಗುವ ತನಕ ಖಾಲಿ ಬಿಡಬೇಕು. ಒಂದು ಟ್ಯಾಂಕಿಗೆ ಒಂದೇ ಕಪ್ಪೆ. ಜೋಡಿ ಇಟ್ಟರೆ ಚೆಂದ ಅಲ್ವಾ ಅಂತ ಕೇಳುವವರಿದ್ದಾರೆ. ಬಾಯಿಗೆ ಹಿಡಿಸಿದರೆ ಇನ್ನೊಂದು ಕಪ್ಪೆಯನ್ನೂ ನುಂಗುವ ಪ್ರಾಣಿ ಇದು.

ಮುಚ್ಚಳ ಮಾತ್ರ ಯೋಚನೆ ಮಾಡಿ ಮಾಡಿಸಿ. ಜಾಳಿಗೆಯ ಮುಚ್ಚಳ ಹಾಕಿದರೆ ನಮ್ಮ ಒಣ ಗಾಳಿಗೆ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನಕ್ಕೆ ಮಾಯ. ಪೂರ್ತಿ ಗಾಜು ಮುಚ್ಚಿದರೆ ಒಳಗೆ ಬೂಸ್ಟು. ನಾನು ಜಾಳಿಗೆ ಮೇಲೆ ಮುಕ್ಕಾಲು ಭಾಗ ಗಾಜಿನ ತುಂಡು ಇಡುತ್ತೇನೆ, ಮಳೆಗಾಲದಲ್ಲಿ ಅದನ್ನು ಅರ್ಧಕ್ಕೆ ಸರಿಸುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕೆಳಗಿನ ಹಾಸಿಗೆಗೆ. ನರ್ಸರಿಯಲ್ಲಿ ಸಿಗುವ ಕೊಕೊಪಿಟ್ ಇಟ್ಟಿಗೆ ಸಾಕು, ಆದರೆ ಗೊಬ್ಬರ ಬೆರೆಸಿದ್ದು ಬೇಡ. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಅದಕ್ಕೆ ಬಕೆಟ್‌ನಲ್ಲಿ ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ, ಹಿಂಡಿದ ನೀರು ತಿಳಿಯಾಗುವ ತನಕ ತೊಳೆಯುತ್ತೇನೆ. ಹದ ನೋಡುವುದು ಮುಷ್ಟಿಯಲ್ಲಿ: ಹಿಡಿದು ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಇದನ್ನು ನಾಲ್ಕು ಇಂಚು ದಪ್ಪ ಹಾಸುತ್ತೇನೆ. ಕಪ್ಪೆ ಅದರಲ್ಲಿ ಹಿಂಗಾಲಿನಿಂದ ಕೆದರುತ್ತಾ, ಮೈಯನ್ನು ನಿಧಾನ ತಿರುಗಿಸುತ್ತಾ, ಹಿಂದೆ ಹಿಂದೆ ಸರಿದು ಕಣ್ಣು ಮಟ್ಟಕ್ಕೆ ಇಳಿದು ಕೂರುತ್ತದೆ. ಮೇಲೆ ಕಾಣುವುದು ಎರಡು ಕಣ್ಣು, ಅದರ ಮೇಲಿನ ಕೊಂಬು, ಅಗಲ ಬಾಯಿಯ ಗೆರೆ ಅಷ್ಟೇ. ಜಲ್ಲಿಕಲ್ಲು, ಬಣ್ಣದ ಕಲ್ಲು ಬೇಡವೇ ಬೇಡ. ಹುಳುವಿನ ಜೊತೆ ಕಲ್ಲನ್ನೂ ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ.

ಒಳಗೆ ಒಂದು ಒಡೆದ ಮಣ್ಣಿನ ಕುಂಡದ ಅರ್ಧ, ಅಂಚು ಉಜ್ಜಿ ಮೊಂಡು ಮಾಡಿದ್ದು. ಮೇಲೆ ಬಾದಾಮಿ ಮರದ ಒಣ ಎಲೆ, ಕುದಿಸಿ ಆರಿಸಿದ್ದು. ನೀರಿಗೆ ಕುಂಡದ ಕೆಳಗಿಡುವ ಅಗಲ ತಟ್ಟೆ. ನೀರು ಕಪ್ಪೆಯ ಗದ್ದ ಮುಟ್ಟಬಾರದು, ಯಾಕೆಂದರೆ ಈ ಕಪ್ಪೆಗೆ ಈಜು ಅಷ್ಟಕ್ಕಷ್ಟೇ.

ನೀರಿನ ಮಾತು ಬಂತಲ್ಲ. ನಲ್ಲಿಯಲ್ಲಿ ಬರುವ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಕಪ್ಪೆ ಚರ್ಮದಿಂದಲೇ ನೀರು ಹೀರುವುದರಿಂದ ಕ್ಲೋರಿನ್ ಕೂಡ ಜೊತೆಗೇ ಮೈಗೆ ಹತ್ತುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ 24 ತಾಸು ತೆರೆದಿಟ್ಟು ಆಮೇಲೆ ಬಳಸುತ್ತೇನೆ. ಫಿಶ್ ಟ್ಯಾಂಕ್ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿಯನ್ನೂ ಹಾಕಬಹುದು. ನಮ್ಮ ಬೋರ್‌ವೆಲ್ ನೀರು ಸವಳು. ಅದನ್ನು ಸ್ಪ್ರೇ ಮಾಡಿದರೆ ಗಾಜಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಕಲೆ ಕೂರುತ್ತದೆ. ಅದಕ್ಕೇ ಸ್ಪ್ರೇಗೆ ಆರ್‌ಓ ನೀರು, ತಟ್ಟೆಗೆ ತೆರೆದಿಟ್ಟ ನಲ್ಲಿ ನೀರು.

ಈಗ ತಂಪಿನ ವಿಷಯ. ನಮ್ಮದು ಕೆಳಗೆ ಹಳೆ ಕಲ್ಲು ಗೋಡೆಯ ಮನೆ, ಮೇಲೆ ಆರ್‌ಸಿಸಿ ಕಟ್ಟಿದ್ದೇವೆ. ಮೇಲಿನ ಖೋಲಿ ಮೇ ತಿಂಗಳಲ್ಲಿ ರಾತ್ರಿಯೂ ಕಾವು ಬಿಡುವುದಿಲ್ಲ. ಟ್ಯಾಂಕ್ ಇಟ್ಟದ್ದು ಕೆಳಗಿನ ಒಳಖೋಲಿಯಲ್ಲಿ, ಮೇಜಿನ ಮೇಲೂ ಅಲ್ಲ, ನೇರ ಶಹಾಬಾದ್ ಫರಸಿ ಮೇಲೆ. ಕಲ್ಲಿನ ತಂಪು ತಳದಿಂದ ಏರುತ್ತದೆ. ಮಾರ್ಚ್‌ನಿಂದ ಟ್ಯಾಂಕಿನ ಮೂರು ಮಗ್ಗುಲಿಗೆ ಒದ್ದೆ ಗೋಣಿಚೀಲ ಸುತ್ತಿ, ಹೊರಗಿನಿಂದ ಟೇಬಲ್ ಫ್ಯಾನ್ ಬಿಡುತ್ತೇನೆ. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ್ದು. ಫ್ಯಾನಿನ ಗಾಳಿ ಗೋಣಿಗೆ ತಾಗಬೇಕು, ಮುಚ್ಚಳದೊಳಗೆ ನುಗ್ಗಬಾರದು. ತೀರಾ ಜೋರು ಬಿಸಿಲಿನ ದಿನ ಫ್ರಿಜ್‌ನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಮುಚ್ಚಳದ ಗಾಜಿನ ಮೇಲೆ ಇಡುತ್ತೇನೆ, ಒಳಗೆ ಎಂದೂ ಇಡುವುದಿಲ್ಲ. ಕರೆಂಟ್ ಹೋದರೆ ಅಂತ ಒಂದು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಪಕ್ಕದಲ್ಲೇ ಇದೆ, ಟ್ಯಾಂಕ್ ಪೂರ್ತಿ ಅದರೊಳಗೆ ಇಳಿಯುತ್ತದೆ, ಮುಚ್ಚಳ ಸ್ವಲ್ಪ ಓರೆ ಮಾಡಿ ಇಟ್ಟರಾಯಿತು.

ಥರ್ಮಾಮೀಟರ್ ವೈರ್ ಇರುವಂಥದ್ದು ತಗೊಳ್ಳಿ. ತುದಿಯನ್ನು ಕೊಕೊಪಿಟ್ ಒಳಗೆ ಚುಚ್ಚಿ ಇಡಿ. ಕಪ್ಪೆ ಕೂತಿರುವುದು ಅಲ್ಲಿ, ಹಾಗಾಗಿ ಅಲ್ಲಿನ ಲೆಕ್ಕವೇ ಮುಖ್ಯ. ಡಿಸೆಂಬರ್, ಜನವರಿ ರಾತ್ರಿ ಮಾತ್ರ ನನ್ನ ಹೀಟ್ ಮ್ಯಾಟ್ ಹೊರಗೆ ಬರುತ್ತದೆ. ಅದನ್ನೂ ಟ್ಯಾಂಕಿನ ಕೆಳಗೆ ಹಾಕಬೇಡಿ. ಕಾವು ತಾಗಿದರೆ ಕಪ್ಪೆ ಕೆಳಗೆ ಇಳಿಯುತ್ತದೆ ಅಂದೆನಲ್ಲ, ಕೆಳಗೇ ಕಾವು ಇದ್ದರೆ ಮೈ ಸುಟ್ಟುಕೊಳ್ಳುತ್ತದೆ. ಮಗ್ಗುಲಿನ ಗಾಜಿಗೆ ಅಂಟಿಸಿ, ಕಾವು ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಹಾಕಿ.

ನಮ್ಮ ಮನೆಗಳಲ್ಲಿ ಇನ್ನೊಂದು ಗಂಡಾಂತರ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಫಿನೈಲ್, ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಜಿರಲೆ ಸ್ಪ್ರೇ. ಚರ್ಮದಿಂದಲೂ ಉಸಿರಾಡುವ ಪ್ರಾಣಿಯ ಹತ್ತಿರ ಇವು ಯಾವುದೂ ಸುಳಿಯಬಾರದು. ಅವ್ವನಿಗೆ ಹೇಳಿದರೆ "ಫಿನೈಲ್ ಹಾಕಲಾರ್ದ ನೆಲ ಒರಸೂದು ಹೆಂಗಪಾ, ಕಪ್ಪಿ ಸಲುವಾಗಿ ನಾವು ಸೊಳ್ಳಿ ಕಡಸ್ಕೋಬೇಕೇನು?" ಅಂದಳು. ಈಗ ಆ ಖೋಲಿಗೆ ಬರೀ ಬಿಸಿನೀರು, ಕಿಟಕಿಗೆ ಸೊಳ್ಳೆ ಪರದೆ. ಟ್ಯಾಂಕ್ ತೊಳೆಯುವಾಗಲೂ ಸಾಬೂನು ಮುಟ್ಟಿಸುವುದಿಲ್ಲ. ಹೇಸಿಗೆ ಕಂಡ ಕೂಡಲೇ ಸುತ್ತಲಿನ ಕೊಕೊಪಿಟ್ ಸಮೇತ ಚಮಚದಿಂದ ತೆಗೆಯುತ್ತೇನೆ, ತಿಂಗಳಿಗೊಮ್ಮೆ ಹಾಸಿಗೆ ಪೂರ್ತಿ ಬದಲು. ಇಲ್ಲದಿದ್ದರೆ ಉಚ್ಚೆಯ ಅಮೋನಿಯಾ ಮತ್ತೆ ಮೈಗೇ ಸೇರುತ್ತದೆ.

ಊಟಕ್ಕೆ ಎರೆಹುಳು, ಸಾಕಿದ ಮಿಡತೆ. ಎರೆಗೊಬ್ಬರ ಮಾಡುವವರ ಹತ್ತಿರ ಸಾಮಾನ್ಯವಾಗಿ ಎರಡು ಥರದ ಹುಳು ಇರುತ್ತವೆ. ಸಣ್ಣ ಕೆಂಪು ಹುಳು ಕೆಟ್ಟ ರಸ ಬಿಡುತ್ತದೆ, ಕಪ್ಪೆ ಉಗುಳಿಬಿಡುತ್ತದೆ. ಉದ್ದ, ದಪ್ಪ ಆಫ್ರಿಕನ್ ಹುಳು ಕೇಳಿ ತನ್ನಿ. ಔಷಧಿ ಹೊಡೆದ ಹೊಲದ್ದು ಬೇಡ, ಮನೆ ಜಿರಲೆ ಅಂತೂ ಬೇಡವೇ ಬೇಡ. ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಉದ್ದ ಚಿಮಟದಿಂದ ಕೊಡಿ. ಬೆರಳಿನಿಂದ ಕೊಟ್ಟರೆ ಬೆರಳೇ ಊಟ, ಕಚ್ಚಿದರೆ ಬಿಡುವುದಿಲ್ಲ. ಮರಿಗೆ ಒಂದೆರಡು ದಿನಕ್ಕೊಮ್ಮೆ, ದೊಡ್ಡದಕ್ಕೆ ವಾರಕ್ಕೊಮ್ಮೆ ಸಾಕು. ಆಗಾಗ ಬಾಯಿ ಅಗಲ ತೆರೆದು ಮುಚ್ಚಿ, ಮೈ ಉಬ್ಬಿಸಿ, ಮುಂಗಾಲಿನಿಂದ ಏನನ್ನೋ ಬಾಯಿಗೆ ತಳ್ಳುತ್ತಿದ್ದರೆ ಗಾಬರಿ ಬೇಡ. ಪೊರೆ ಬಿಟ್ಟು ಅದನ್ನೇ ತಿನ್ನುತ್ತಿರುತ್ತದೆ.

ಮೊದಲ ಮಳೆಗೆ ಹೊಲದ ಹೊಂಡದಲ್ಲಿ ಹಳದಿ ಬಣ್ಣಕ್ಕೆ ತಿರುಗಿ ಕೂಗುವ ದೊಡ್ಡ ಕಪ್ಪೆ ಹಿಡಿದು ತಂದು ಇದೇ ಥರ ಸಾಕಬಹುದಾ ಅಂತ ಹುಡುಗರು ಕೇಳುತ್ತಾರೆ. ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಹಾಗೇ ಸಾಕಿದ ಹೊರದೇಶದ ಕಪ್ಪೆಯನ್ನು ಬೇಜಾರಾಯಿತು ಅಂತ ಕೆರೆಗೆ ಬಿಡುವುದೂ ತಪ್ಪು. ಇದು ಹತ್ತು ಹದಿನೈದು ವರ್ಷ ಬದುಕುವ ಪ್ರಾಣಿ, ತರುವ ಮೊದಲೇ ವಿಚಾರ ಮಾಡಿ. ಬಿಲ್ ಕೇಳಿ, ಸಾಕಣೆಯಲ್ಲೇ ಹುಟ್ಟಿದ್ದಾ ಅಂತ ಕೇಳಿ.

ಊರಿಗೆ ಹೋದಾಗ ಪಕ್ಕದ ಮನೆ ಕಾಕಾ ನೋಡಿಕೊಳ್ಳುತ್ತಾರೆ. "ಇದು ಜೀವಂತ ಐತೋ ಇಲ್ಲೋ?" ಅಂತ ಪ್ರತಿ ಸಲ ಫೋನ್ ಮಾಡುತ್ತಾರೆ, ಅಷ್ಟು ಅಲುಗಾಡದೆ ಕೂರುತ್ತದೆ. ಗಂಟಲು ನೋಡಿ ಕಾಕಾ, ಆಡುತ್ತಿದ್ದರೆ ಆರಾಮಿದೆ ಅನ್ನುತ್ತೇನೆ. ಊಟ ಹಾಕುವ ಕೆಲಸ ಅವರಿಗೆ ಕೊಟ್ಟಿಲ್ಲ. ತಟ್ಟೆ ನೀರು ದಿನಾ ಬದಲಿಸಬೇಕು, ಎರಡು ಹೊತ್ತು ಸ್ಪ್ರೇ ಹೊಡೆಯಬೇಕು, ಬೇಸಿಗೆಯಾದರೆ ಗೋಣಿಗೆ ನೀರು ಹಾಕಬೇಕು, ಅಷ್ಟೇ.