ನ್ಯುಮೋನಿಯಾ ಆಗಿ ಆಸ್ಪತ್ರೆಲಿ ಮಲಗಿದವರಿಗೆ ಎಂತ ಕೊಡುವುದು, ಹೇಗೆ ಕೊಡುವುದು

ನಮ್ಮ ಕಾಸರಗೋಡು ಕಡೆ ಯಾರಾದ್ರೂ ನ್ಯುಮೋನಿಯಾ ಅಂತ ಅಡ್ಮಿಟ್ ಆದ ಕೂಡ್ಲೆ ಮನೆಯಿಂದ ಹೊರಡುವುದು ಒಂದು ಥರ್ಮಾಸ್ ಗಂಜಿತೆಳಿ (ಗಂಜಿಯ ಮೇಲಿನ ತಿಳಿನೀರು), ಕ್ಯಾಂಟೀನಿಂದ ತಂದ್ರೆ ಪೊಡಿಯರಿ ಕಂಜಿ, ಅಂದ್ರೆ ನುಚ್ಚಕ್ಕಿ ಗಂಜಿ. ಒಂದೆರಡು ಹೊತ್ತಿಗೆ ತೊಂದ್ರೆ ಇಲ್ಲ, ಆದ್ರೆ ದಿನಗಟ್ಟಲೆ ಆಕ್ಸಿಜನ್ನಲ್ಲಿ ಇರುವವರಿಗೆ ಅದನ್ನೇ ಕುಡಿಸ್ತಾ ಕೂತ್ರೆ ಹೊಟ್ಟೆ ತುಂಬಿದ ಹಾಗೆ ಕಾಣ್ತದೆ, ಮೈಗೆ ಎಂತದೂ ಸಿಕ್ಕುವುದಿಲ್ಲ. ಸೋಂಕು ಜೋರಿರುವಾಗ ದೇಹ ತನ್ನದೇ ಸ್ನಾಯುವನ್ನು ಕರಗಿಸಿ ಉಪಯೋಗಿಸ್ತದೆ, ಉಸಿರೆಳೆಯುವ ಸ್ನಾಯುಗಳೂ ಅದ್ರಲ್ಲಿ ಸೇರಿದ್ದು, ಮತ್ತೆ ಕೆಮ್ಮಿ ಕಫ ಹೊರಗೆ ಹಾಕ್ಲಿಕ್ಕೇ ತ್ರಾಣ ಇರುವುದಿಲ್ಲ. ಬೈಸ್ಟ್ಯಾಂಡರ್ ಆಗಿ, ಅಂದ್ರೆ ರೋಗಿಯ ಜೊತೆಗೆ ಕೂರುವವರು ಇದೊಂದನ್ನು ಗಟ್ಟಿಯಾಗಿ ತಲೆಲಿ ಇಟ್ಕೊಳ್ಳಿ, ತೆಳಿ ಊಟ ಅಲ್ಲ.

ಎಷ್ಟು ಬೇಕು ಅಂದ್ರೆ, ಸಾಮಾನ್ಯವಾಗಿ ಇಂಥ ರೋಗಿಗಳಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕ್ಯಾಲೊರಿ ಅಂತ ಲೆಕ್ಕ ಹಾಕ್ತಾರೆ. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ ಪ್ರೋಟೀನ್ ಆಯ್ತು. ಒಂದು ಮೊಟ್ಟೆಲಿ 6 ಗ್ರಾಂ, ಒಂದು ಗ್ಲಾಸ್ ಹಾಲಲ್ಲಿ 6–7, ಬೇಯಿಸಿದ 100 ಗ್ರಾಂ ಮೀನಲ್ಲಿ ಹತ್ತಿರ ಹತ್ತಿರ 20. ಬರೀ ತೆಳಿಲಿ ಲೆಕ್ಕಕ್ಕೆ ಬರುವಷ್ಟು ಇಲ್ಲ. ಹಾಗಾಗಿ ಗಂಜಿಯನ್ನೇ ಕೊಡುವುದಾದ್ರೆ ಕುಚ್ಚಿಲಕ್ಕಿ ಅನ್ನವನ್ನು ಚೆನ್ನಾಗಿ ಬೇಯಿಸಿ ಹಿಚುಕಿ, ಹೆಸರುಬೇಳೆ ಸೇರಿಸಿ, ಮೇಲೆ ಒಂದು ಚಮಚ ತುಪ್ಪವೋ ತೆಂಗಿನೆಣ್ಣೆಯೋ ಹಾಕಿ. ಮೀನು ತಿನ್ನುವವರಾದ್ರೆ ಬಂಗುಡೆಯ ಮುಳ್ಳು ಪೂರ್ತಿ ತೆಗೆದು ಪುಡಿ ಮಾಡಿ ಅದ್ರಲ್ಲೇ ಬೆರೆಸ್ಬಹುದು, ತಿನ್ನದವರಿಗೆ ಗಟ್ಟಿ ಮೊಸರು, ಪನೀರ್, ಹಾಲು ಹಾಕಿದ ರಾಗಿ ಮಣ್ಣಿ.

ನೋಡ್ಲಿಕ್ಕೆ ಬಂದವರು ಹಾಲು ಕಫ, ಮೊಸರು ಶೀತ, ಮೊಟ್ಟೆ ಉಷ್ಣ ಅಂತ ಒಂದೊಂದೇ ಬಿಡಿಸ್ತಾ ಹೋಗ್ತಾರೆ, ಕೊನೆಗೆ ಉಳಿಯುವುದು ಗಂಜಿ ಉಪ್ಪು ಮಾತ್ರ. ಹಾಲು ಕುಡಿದ್ರೆ ಗಂಟಲಲ್ಲಿ ಸ್ವಲ್ಪ ಅಂಟಿದ ಹಾಗೆ ಅನಿಸ್ತದೆ, ಅದರಿಂದ ಶ್ವಾಸಕೋಶದಲ್ಲಿ ಕಫ ಹೆಚ್ಚಾಗುವುದಿಲ್ಲ. ಪಥ್ಯ ಡಾಕ್ಟರೋ ಡಯಟೀಷಿಯನ್ನೋ ಹೇಳಿದ್ರೆ ಮಾತ್ರ ಮಾಡಿ. ಕಿಡ್ನಿ ತೊಂದ್ರೆ ಇರುವವರಿಗೆ ಪ್ರೋಟೀನ್ ಲೆಕ್ಕ ಬೇರೆಯೇ ಇರ್ಬಹುದು, ಸೀಯಾಳದಲ್ಲಿ ಪೊಟ್ಯಾಸಿಯಂ ಇರುವ ಕಾರಣ ಅವರಿಗೆ ಕೇಳದೆ ಅದನ್ನೂ ಕೊಡ್ಬೇಡಿ. ಸ್ಟೀರಾಯ್ಡ್ ಕೊಡ್ತಾ ಇದ್ರೆ ಶುಗರ್ ಏರ್ತದೆ, ಮೊದ್ಲು ಶುಗರ್ ಇಲ್ಲದವರಿಗೂ.

ಇನ್ನು ತಿನ್ನಿಸುವ ಕ್ರಮ, ಇದ್ರಲ್ಲಿ ತುಂಬ ಜಾಗ್ರತೆ ಬೇಕು ಮಾರಾಯ್ರೆ. ಏದುಸಿರು ಬಿಡುವವರಿಗೆ ನುಂಗುವಾಗ ಉಸಿರು ತಡೆಯುವುದೇ ಕಷ್ಟ, ಅನ್ನ ಶ್ವಾಸನಾಳಕ್ಕೆ ಹೋದ್ರೆ ಇರುವ ನ್ಯುಮೋನಿಯಾದ ಮೇಲೆ ಇನ್ನೊಂದು. ಬೈಪ್ಯಾಪ್ (ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ಸಹಾಯ ಮಾಡುವ ಮೆಷಿನ್) ಮಾಸ್ಕನ್ನು ನೀವಾಗಿ ತೆಗೆದು ಬಾಯಿಗೆ ಏನೂ ಹಾಕ್ಬೇಡಿ. ಸಾದಾ ಆಕ್ಸಿಜನ್ ಮಾಸ್ಕ್ ಆದ್ರೆ ಊಟದ ಹೊತ್ತಿಗೆ ಮೂಗಿನ ಆಕ್ಸಿಜನ್ ಪೈಪಿಗೆ ಬದಲಿಸ್ಲಿಕ್ಕೆ ಆಗ್ತದಾ ಅಂತ ಸಿಸ್ಟರಲ್ಲಿ ಕೇಳಿ. ಮಂಚದ ತಲೆಭಾಗ ಪೂರ್ತಿ ಎತ್ತಿ, ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಇರ್ಲಿ. ಸಣ್ಣ ಚಮಚದಲ್ಲಿ ಅರ್ಧ ಅರ್ಧ ಕೊಡಿ, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಎರಡು ಮೂರು ಸಲ ಉಸಿರಾಡ್ಲಿಕ್ಕೆ ಬಿಡಿ, ಆಮೇಲೆ ಮುಂದಿನದ್ದು. ಕಣ್ಣು ಚಮಚದ ಮೇಲೆ ಮಾತ್ರ ಅಲ್ಲ ಮಾನಿಟರಿನ ಮೇಲೂ ಇರ್ಲಿ, ಆಕ್ಸಿಜನ್ ನಂಬ್ರ ಇಳಿದ್ರೆ, ಕೆಮ್ಮು ಬಂದ್ರೆ, ನುಂಗಿದ ಮೇಲೆ ಸ್ವರ ನೀರು ತುಂಬಿದ ಹಾಗೆ ಗೊರಗೊರ ಆದ್ರೆ ಅಲ್ಲಿಗೇ ನಿಲ್ಸಿ ಸಿಸ್ಟರನ್ನು ಕರೀರಿ. ಊಟ ಆಗಿ ಕನಿಷ್ಠ ಅರ್ಧ ಗಂಟೆ ಮಲಗಿಸ್ಬೇಡಿ. ಮೂರು ಹೊತ್ತು ಬಟ್ಟಲು ತುಂಬ ಬಡಿಸುವ ಬದ್ಲು ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಬಾಯಿ ರುಚಿ ಹೋಗಿದ್ರೆ ಒಂದು ತೊಟ್ಟು ಲಿಂಬೆ, ಚೂರು ಶುಂಠಿ ಹಾಕಿ ನೋಡಿ. ಬಾಯಿ, ಹಲ್ಲು ದಿನಕ್ಕೆ ಎರಡು ಸಲ ಸ್ವಚ್ಛ ಮಾಡಿಸುವುದು ಬಿಡ್ಬೇಡಿ.

ವೆಂಟಿಲೇಟರಿಂದ ಹೊರಗೆ ಬಂದವರಿಗೆ ಕೂಡ್ಲೆ ನೀರು ಕುಡಿಸ್ಬೇಡಿ, ಎಷ್ಟು ಬಾಯಾರಿಕೆ ಅಂದ್ರೂ ಸರಿ, ನುಂಗುವ ಶಕ್ತಿ ಬಂದಿದೆಯಾ ಅಂತ ಆಸ್ಪತ್ರೆಯವರು ನೋಡಿ ಹೇಳ್ಬೇಕು.

ಮೂಗಲ್ಲಿ ಟ್ಯೂಬ್ ಹಾಕ್ತೇವೆ ಅಂದ ಕೂಡ್ಲೆ ಇನ್ನು ಆಗುವುದಿಲ್ಲ ಅಂತ ಅಳುವವರೇ ಜಾಸ್ತಿ. ಹಾಗಲ್ಲ, ಬಾಯಿಂದ ಸಾಕಷ್ಟು ಹೋಗದಿದ್ರೆ ಹೊಟ್ಟೆಯನ್ನು ಖಾಲಿ ಬಿಡದೆ ಆಹಾರ ಬೇಗ ಶುರು ಮಾಡ್ಬೇಕು ಅಂತಲೇ ಹಾಕುವುದು, ಐಸಿಯುಲಿ 48 ಗಂಟೆಯೊಳಗೆ ಶುರು ಮಾಡ್ಲಿಕ್ಕೆ ನೋಡ್ತಾರೆ. ಟ್ಯೂಬಲ್ಲಿ ಕೊಡುವಾಗ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರ್ಬೇಕು. ಟ್ಯೂಬ್ ಜಾರಿದ ಹಾಗೆ ಕಂಡ್ರೆ ಒಳಗೆ ತಳ್ಳುವುದಾಗ್ಲಿ, ಮನೆಯ ಗಂಜಿ ಸೋಸಿ ಗುಟ್ಟಾಗಿ ಹಾಕುವುದಾಗ್ಲಿ ಬೇಡ.

ಐದಾರು ದಿನ ಹೆಚ್ಚುಕಮ್ಮಿ ಏನೂ ತಿನ್ನದೆ ಅಡ್ಮಿಟ್ ಆದವರಿದ್ರೆ ಅದನ್ನು ಡಾಕ್ಟರಿಗೆ ಮೊದ್ಲೇ ಹೇಳಿ. ಅಂಥವರಿಗೆ ಒಮ್ಮೆಲೇ ತುಂಬ ಕೊಟ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ತೊಂದ್ರೆ ಆಗ್ಬಹುದು, ಅದಕ್ಕೆ ಸ್ವಲ್ಪ ಸ್ವಲ್ಪವೇ ಏರಿಸ್ತಾರೆ, ಬಿ1 ವಿಟಮಿನ್ ಕೊಡ್ತಾರೆ.

ಡಿಸ್ಚಾರ್ಜ್ ಆದ ಮೇಲೂ ಒಂದು ತಿಂಗಳಾದ್ರೂ ಪ್ರೋಟೀನ್ ಇದೇ ಲೆಕ್ಕದಲ್ಲಿ ನಡೀಲಿ, ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಇಳೀತಾ ಹೋದ್ರೆ ಮುಂದಿನ ಚೆಕಪ್ಪಿಗೆ ಕಾಯದೆ ಹೋಗಿ ತೋರಿಸಿ. ಪರೀಕ್ಷೆಲಿ ಟಿಬಿ ಅಂತ ಬಂದ್ರೆ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಲಿ ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ಅಂತ ಬ್ಯಾಂಕ್ ಖಾತೆಗೆ ಹಣ ಬರ್ತದೆ, 2024 ನವೆಂಬರಿಂದ ತಿಂಗಳಿಗೆ 1000 ರೂಪಾಯಿ, ಹೆಸರು ನೋಂದಣಿ ಆಗಿದೆಯಾ ಅಂತ ಪ್ರೈಮರಿ ಹೆಲ್ತ್ ಸೆಂಟರಲ್ಲಿ ಕೇಳಿ.