ಸರಳ ಲೋಲಕದಲ್ಲಿ ನಾನು ಮರೆತ ಹನ್ನೆರಡು ಮಿಲಿಮೀಟರ್

ದಾರದ ತುದಿಗೆ ಲೋಹದ ಗುಂಡು ಕಟ್ಟಿ ತೂಗಾಡಿಸುವ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಹೆಚ್ಚುವ ದರವನ್ನು) ಕಂಡುಹಿಡಿಯಲು ಹೊರಟಾಗ ನನ್ನ ಎಚ್ಚರಿಕೆಯೆಲ್ಲ ಸ್ಟಾಪ್‌ವಾಚಿನ ಮೇಲೆಯೇ ಇತ್ತು. ಅದನ್ನು ಒತ್ತುವ ಬೆರಳು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಹಿಂದುಮುಂದಾಗುವುದರಿಂದ, ಒಂದು ಆಂದೋಲನದ ಬದಲು 20 ಆಂದೋಲನಗಳ ಕಾಲವನ್ನು ಅಳೆದು ಭಾಗಿಸಿದೆ. ಹೀಗೆ ಸಿಗುವ ಒಂದು ಆಂದೋಲನದ ಕಾಲವೇ ಆವರ್ತಕಾಲ; ಅದರಿಂದ ಮತ್ತು ಲೋಲಕದ ಉದ್ದದಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬಹುದು. ದಾರದ ಉದ್ದ 80 ಸೆಂ.ಮೀ. ಇಟ್ಟು ಐದು ಸಲ ಅಳೆದಾಗ 9.62, 9.71, 9.66, 9.64, 9.69 ಮೀ/ಸೆ² ಬಂದವು. ಐದೂ ಎಲ್ಲರೂ ಒಪ್ಪಿದ ಬೆಲೆಯಾದ 9.8ಕ್ಕಿಂತ ಕಡಿಮೆಯೇ ಇರುವುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಅದರ ಬದಲು 50 ಆಂದೋಲನಗಳನ್ನು ಎಣಿಸಲು ತೊಡಗಿದೆ. ಬೆರಳಿನ ಯಾದೃಚ್ಛಿಕ ದೋಷ (ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುವ ತಪ್ಪು) ಸುಮಾರು 90 ಸೆಕೆಂಡುಗಳಲ್ಲಿ ಹಂಚಿಹೋಗಿ, ಬೆಲೆಗಳು 9.65 ಮತ್ತು 9.68ರ ನಡುವೆ ಒತ್ತೊತ್ತಾಗಿ ಬಂದವು. ನಿಷ್ಕೃಷ್ಟತೆ, ಅಂದರೆ ಬೆಲೆಗಳು ಒಂದಕ್ಕೊಂದು ಹತ್ತಿರವಿರುವುದು, ಹೆಚ್ಚಿತ್ತು; ನಿಖರತೆ, ಅಂದರೆ ಅವು ನಿಜವಾದ ಬೆಲೆಗೆ ಹತ್ತಿರವಿರುವುದು, ಮಾತ್ರ ಇದ್ದಲ್ಲೇ ಇತ್ತು. ಪ್ರತಿ ಸಲವೂ ಒಂದೇ ದಿಕ್ಕಿಗೆ ಎಳೆಯುವ, ಎಷ್ಟು ಸಲ ಸರಾಸರಿ ತೆಗೆದರೂ ಕರಗದ ವ್ಯವಸ್ಥಿತ ದೋಷವೊಂದು ಎಲ್ಲೋ ಕುಳಿತಿದೆ ಎಂಬುದು ನನಗೆ ಮನದಟ್ಟಾದದ್ದು ಆಗ.

ಮೊದಲು ಸಂಶಯ ಬಂದದ್ದು ಲೋಲಕವನ್ನು ಎಳೆದು ಬಿಡುವ ಕೋನದ ಮೇಲೆ. ಆದರೆ 5 ಡಿಗ್ರಿಗೆ ಆವರ್ತಕಾಲ ಹೆಚ್ಚುವುದು ಶೇಕಡಾ 0.05ರಷ್ಟು ಮಾತ್ರ, ನನ್ನ ಉತ್ತರದಲ್ಲಿದ್ದ ಕೊರತೆ ಶೇಕಡಾ 1.5.

ಕೊನೆಗೆ ದಾರದ ಉದ್ದವನ್ನು 40ರಿಂದ 120 ಸೆಂ.ಮೀ.ವರೆಗೆ ಬದಲಿಸುತ್ತ, ಉದ್ದಕ್ಕೆ ಎದುರಾಗಿ ಆವರ್ತಕಾಲದ ವರ್ಗವನ್ನು ಗುರುತಿಸಿ ನಕ್ಷೆ ಎಳೆದೆ. ಸೂತ್ರದ ಪ್ರಕಾರ ಆವರ್ತಕಾಲದ ವರ್ಗ ಉದ್ದಕ್ಕೆ ನೇರ ಅನುಪಾತದಲ್ಲಿರುವುದರಿಂದ ಮೂಲಬಿಂದುವಿನ ಮೂಲಕ ಹೋಗಬೇಕಿದ್ದ ಸರಳರೇಖೆ, ಉದ್ದದ ಅಕ್ಷವನ್ನು ಸೊನ್ನೆಯ ಎಡಕ್ಕೆ ಸುಮಾರು 1.2 ಸೆಂ.ಮೀ. ದೂರದಲ್ಲಿ ಕತ್ತರಿಸಿತ್ತು. ಅಂದರೆ ಲೋಲಕದ ನಿಜವಾದ ಉದ್ದ ನಾನು ಬರೆದುಕೊಂಡದ್ದಕ್ಕಿಂತ ಪ್ರತಿ ಸಲವೂ ಅಷ್ಟೇ ಹೆಚ್ಚಾಗಿತ್ತು. ನಾನು ಅಳೆದದ್ದು ದಾರ ಗುಂಡಿಗೆ ಸೇರುವ ಜಾಗದವರೆಗೆ. ಅಳೆಯಬೇಕಾದದ್ದು ಗುಂಡಿನ ಕೇಂದ್ರದವರೆಗೆ. ರೇಖೆಯ ಇಳಿಜಾರಿಗೆ ಈ ತಪ್ಪು ತಾಗುವುದೇ ಇಲ್ಲ, ಎಲ್ಲ ಉದ್ದಗಳಲ್ಲೂ ಒಂದೇ ಪ್ರಮಾಣ ಬಿಟ್ಟುಹೋಗಿದ್ದರೆ ರೇಖೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಓರೆ ಬದಲಾಗದು. ಇಳಿಜಾರಿನಿಂದ ಲೆಕ್ಕ ಹಾಕಿದಾಗ 9.81 ಬಂತು. ಒಂದೇ ಉದ್ದದಲ್ಲಿ ನೂರು ಸಲ ಅಳೆಯುವುದಕ್ಕಿಂತ ಐದು ಉದ್ದಗಳಲ್ಲಿ ಅಳೆಯುವುದನ್ನು ನಾನು ಹೆಚ್ಚು ನಂಬುವುದು ಇದೇ ಕಾರಣಕ್ಕೆ.

ಸಣ್ಣ ಅಳತೆಗಳಿಗೆ ಬಳಸುವ ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷವನ್ನು (ದವಡೆಗಳು ಮುಚ್ಚಿದ್ದಾಗಲೂ ಅದು ಸೊನ್ನೆ ತೋರಿಸದಿರುವುದನ್ನು) ಮೊದಲು ನೋಡಿಕೊಂಡು ಗುಂಡನ್ನು ಅಳೆದೆ: ವ್ಯಾಸ 2.42 ಸೆಂ.ಮೀ., ತ್ರಿಜ್ಯ 1.21. ಅದನ್ನು ಸೇರಿಸಿ ಹಳೆಯ ಐದು ಬೆಲೆಗಳನ್ನು ಮತ್ತೆ ಲೆಕ್ಕ ಹಾಕಿದಾಗ ಅವು 9.77ರಿಂದ 9.86ರವರೆಗೆ, ಮೊದಲಿನಷ್ಟೇ ಚದುರಿಕೊಂಡು, ಆದರೆ ಈಗ 9.81ರ ಎರಡೂ ಬದಿಗೆ ನಿಂತವು.